ಮುಂಡಪಾದೆ ಕೋಟೆಯ ತೂಬು

ಕೋಟೆಯೊಳಗಿನ ಕೆರೆಯ ಮೆಟ್ಟಿಲ ಮೇಲೆ ಕಜೆಟನ್ ಮಾಸ್ಟರರ ಚಪ್ಪಲಿಗಳಿದ್ದವು. ಜೋಡಿಯಾಗಿ, ಅಚ್ಚುಕಟ್ಟಾಗಿ, ನೀರಿನ ಕಡೆ ಮುಖ ಮಾಡಿ. ಮಾಸ್ಟರರು ಇರಲಿಲ್ಲ.

ಹೆಂಡತಿ ಬೆನೆಡಿಕ್ಟಾ ಅವನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಎಂಬತ್ತೊಂದರ ಸೆಪ್ಟೆಂಬರ್, ಬಿಡದ ಮಳೆ. ನಿನ್ನೆ ಭಾನುವಾರ ಉದ್ಯಾವರದ ಮನೆಯಿಂದ ಹೊರಟ ಗಂಡ ರಾತ್ರಿಯಾದರೂ ಬಂದಿರಲಿಲ್ಲ. ಹೈಸ್ಕೂಲಿನ ಡ್ರಾಯಿಂಗ್ ಮಾಸ್ಟರು. ರಜೆ ಬಂದರೆ ಸಾಕು, ಕಾಪು–ಕಾರ್ಕಳದ ನಡುವಿನ ಈ ಹಾಳು ಕೋಟೆಯನ್ನು ಅಳೆದು ಅಳೆದು ಚಿತ್ರ ಬರೆಯುವ ಹುಚ್ಚು. ಪೊಲೀಸರು ಚಪ್ಪಲಿ ನೋಡಿ, "ಹಾರಿರಬೇಕು" ಎಂದು ಹಗ್ಗ–ಗಾಳ ತರಲು ಹೋಗಿದ್ದರು.

ಹಾರಿರಬೇಕಂತೆ. ಮುಂದಿನ ಭಾನುವಾರಕ್ಕೆ ಕೋಳಿ ಹೇಳಿಟ್ಟ ಮನುಷ್ಯ ಕೆರೆಗೆ ಹಾರುತ್ತಾನೆಯೇ? ಬೆಳಗಿನ ಮೊದಲ ಬಸ್ಸಿಗೆ ಉಡುಪಿಗೆ ಓಡಿ ಬೆನೆಡಿಕ್ಟಾ ಹಯಗ್ರೀವರನ್ನು ಕರೆತಂದಿದ್ದಳು. ಪೊಲೀಸ್ ಕೆಲಸ ಬಿಟ್ಟು ವಕೀಲರಿಗೆ ಪತ್ತೇದಾರಿಕೆ ಮಾಡಿಕೊಡುವ ಒಣಕಲು ಮನುಷ್ಯ. ನಸ್ಯದ ಡಬ್ಬಿ, ಉದ್ದ ಕೊಡೆ—ಅಷ್ಟೇ ಅವರ ಆಯುಧ.

ಅವಳ ಅಣ್ಣ ಜೋಕಿಮ್, ಕಾಪುವಿನ ಮೀನುಗಾರ, ಕೆರೆಯಿಂದ ತಲೆ ಎತ್ತಿದ.

"ಕೆಳಗೆ ಭಾವ ಇಲ್ಲ, ಬೆನ್ನಿ. ಎಲ್ಲಾ ತಡಕಿದೆ."

"ತೂಬಿನ ಬಾಯಿ ಉಂಟಾ?" ಹಯಗ್ರೀವ ಕೇಳಿದರು. ಕೆರೆಯ ಹೆಚ್ಚಿನ ನೀರು ಗೋಡೆಯಡಿಯಿಂದ ಹೊರಗಿನ ಕಂದಕಕ್ಕೆ ಹರಿಯಲೆಂದು ಕೋಟೆ ಕಟ್ಟಿದವರು ಬಿಟ್ಟ ಕಲ್ಲಿನ ಸುರಂಗ ಅದು.

"ಉಂಟು. ಕಲ್ಲಿನ ಜಾಲರಿ ಹಾಕಿದ್ದಾರೆ. ಬೆಕ್ಕು ಕೂಡ ತೂರುವುದಿಲ್ಲ."

"ನೀರು ಎಳೆಯುತ್ತದಾ ಅಲ್ಲಿ?"

"ಇಲ್ಲ. ಕೈ ಇಟ್ಟು ನೋಡಿದೆ. ಸತ್ತ ನೀರು."

ಹಯಗ್ರೀವ ಬಗ್ಗಿ ಮೆಟ್ಟಿಲು ನೋಡಿದರು. ಕೆಂಪುಕಲ್ಲಿನ ಮೇಲೆ ಎಷ್ಟೋ ಮಳೆಗಾಲಗಳ ನೀರು ಎಳೆದ ಕಪ್ಪು ಪಾಚಿಯ ಗೆರೆ. ಇವತ್ತು ಆ ಗೆರೆ ನೀರಿನಡಿ ಮುಳುಗಿತ್ತು.

"ಆ ತೂಬು ನನ್ನ ಅಜ್ಜನ ಕಾಲದಲ್ಲೇ ಮುಚ್ಚಿಹೋಗಿದೆ," ಎಂದರು ವಿಷ್ಣುಮೂರ್ತಿ ರಾಯರು. ಚಪ್ಪಲಿ ಮೊದಲು ಕಂಡದ್ದು ಅವರೇ. ಕೋಟೆಯಡಿಯ ಗದ್ದೆ ಅವರದು, ಹೊಸ ಅಕ್ಕಿ ಮಿಲ್ಲು ಅವರದು, ಸುಗ್ಗಿ ಬೆಳೆಗೆ ನೀರು ನಿಲ್ಲಿಸಲು ತೋಡಿಗೆ ಅಡ್ಡ ಕಟ್ಟ ಹಾಕುವುದರಲ್ಲಂತೂ ಅವರದು ಎತ್ತಿದ ಕೈ. ಬೆಳಗಿನಿಂದ ಹುಡುಕುವವರಿಗೆಲ್ಲ ಕಾಫಿ ತರಿಸಿಕೊಟ್ಟು, ಬೆನೆಡಿಕ್ಟಾಳ ತಲೆಗೆ ಕೊಡೆ ಹಿಡಿದು ನಿಂತಿದ್ದರು. "ಮಾಸ್ಟ್ರಿಗೆ ಯಾರ ಮೇಲಾದರೂ ಹಗೆ ಇದ್ದರೆ ಅದು ಧರ್ಮಪಾಲನ ಮೇಲೆ. ನಾನು ಹೇಳಬಾರದು, ಆದರೂ..."

ಕಾರ್ಕಳದ ಕಲ್ಲಿನ ವ್ಯಾಪಾರಿ ಧರ್ಮಪಾಲ ಕೋಟೆಯ ಬಾಗಿಲ ಬಳಿಯೇ ನಿಂತಿದ್ದ.

"ಮಾಸ್ಟ್ರಿಗೂ ನಿಮಗೂ ಜಗಳ ಆದದ್ದು ಹೌದಾ?" ಹಯಗ್ರೀವ ಕೇಳಿದರು.

"ಹೌದು. ಈ ಕೋಟೆ ಬಾಗಿಲ ಕಲ್ಲು ನಾನೇ ಕದ್ದದ್ದು ಅಂತ ಊರಿಡೀ ಹೇಳಿದರು. ಕಲ್ಲು ಕಡಿಯಲಿಕ್ಕೆ ನನ್ನದೇ ಪಾದೆ ಉಂಟು ಮಾರಾಯ್ರೆ, ಪಾಚಿ ಹಿಡಿದ ಕಲ್ಲು ನನಗೆ ಎಂತಕ್ಕೆ? ಮತ್ತೆ ಹೋದ ವಾರ ಅವರೇ ಬಂದು 'ತಪ್ಪಾಯ್ತು' ಅಂದರು. ಕೈ ಕೊಟ್ಟು ಹೋದರು."

"ಯಾರು ಕದ್ದದ್ದು ಅಂತ ಹೇಳಿದರಾ?"

"ಇಲ್ಲ. ಸ್ನೇಹಿತನ ಹತ್ರ ಒಂದು ಮಾತು ಕೇಳಿ ಮತ್ತೆ ಹೇಳ್ತೇನೆ ಅಂದರು."

ಹಯಗ್ರೀವ ಬೆನೆಡಿಕ್ಟಾಳನ್ನು ಪಕ್ಕಕ್ಕೆ ಕರೆದರು. "ಅಮ್ಮಾ, ತೂಬಿನ ವಿಷಯ ಮಾಸ್ಟ್ರು ಎಂತಾದರೂ ಹೇಳಿದ್ದರಾ?"

"ಊಟಕ್ಕೆ ಕೂತರೆ ಅದೇ ಮಾತು. ಬಗ್ಗಿಕೊಂಡು ನಡೆಯಬಹುದಂತೆ. ನಡುವೆ ಬುರುಜಿನಡಿ ಒಬ್ಬ ನಿಲ್ಲುವಷ್ಟು ಎತ್ತರದ ಗೂಡು ಉಂಟಂತೆ, ಹತ್ತಿ ನಿಲ್ಲಲಿಕ್ಕೆ ಕಟ್ಟೆ, ಮೇಲೆ ಗಾಳಿಕಿಂಡಿ. ಹೂಳು ತೆಗೆಯುವವ ಉಸಿರಾಡಲಿ ಅಂತ ಹಿಂದಿನವರು..."

ಮುಚ್ಚಿಹೋದ ತೂಬಿನೊಳಗೆ ಗಂಡ ನಡೆದದ್ದು ಹೇಗೆ?

ಇಬ್ಬರೂ ಕಂದಕಕ್ಕೆ ಓಡಿದರು. ಉಳಿದವರು ಹಿಂದೆ. ತೂಬಿನ ಹೊರಬಾಯಿಯ ಮೇಲೆ ಕೆಂಪು ಮಣ್ಣಿನ ಗುಡ್ಡೆ, ಪಕ್ಕದ ದಿಬ್ಬ ಜರಿದ ಹಾಗೆ. ಮೇಲೆ ಬುರುಜು ಕುಸಿದ ಕಲ್ಲುರಾಶಿ. ಅದರಡಿಯಿಂದ ಯಾವ ಕೂಗೂ ಹೊರಗೆ ಬಾರದು. ಬೆನೆಡಿಕ್ಟಾ ಮಣ್ಣಿಗೆ ಕಿವಿ ಹಚ್ಚಿದಳು. ಮಳೆಯ ಸದ್ದು. ಬೇರೇನೂ ಇಲ್ಲ.

ಹಯಗ್ರೀವ ಕೊಡೆಯ ತುದಿಯಿಂದ ಗುಡ್ಡೆ ಕೆದಕಿದರು. ಮಣ್ಣು. ಅದರಡಿ ಸೊಪ್ಪು. ಮತ್ತೆ ಮಣ್ಣು. ಮತ್ತೆ ಸೊಪ್ಪು—ಹಸಿ ಹಸಿರು, ಬಾಡಿರಲೂ ಇಲ್ಲ.

"ಅಜ್ಜನ ಕಾಲದ ಸೊಪ್ಪು ಇಷ್ಟು ಹಸಿರು ಇರುತ್ತದಾ, ರಾಯರೇ?"

ವಿಷ್ಣುಮೂರ್ತಿ ಕೊಡೆ ಮಡಚಿದರು.

"ಎಲ್ಲರೂ ಚಪ್ಪಲಿ ನೋಡಿದಿರಿ. ಪಾಚಿಯ ಗೆರೆ ಯಾರೂ ನೋಡಲಿಲ್ಲ," ಹಯಗ್ರೀವ ಹೇಳಿದರು. "ಇಷ್ಟು ವರ್ಷ ನೀರು ಆ ಗೆರೆ ದಾಟಲಿಲ್ಲ ಅಂದರೆ ತೂಬು ಹರಿಯುತ್ತಿತ್ತು. ನಿನ್ನೆ ನಿಂತಿದೆ. ಜರಿದ ಮಣ್ಣು ಪದರ ಪದರವಾಗಿ ಬೀಳುವುದಿಲ್ಲ. ಧರ್ಮಪಾಲ ಮುಚ್ಚಿದ್ದರೆ ಕಲ್ಲು ಜಡಿಯುತ್ತಿದ್ದ. ಒಂದು ಪದರ ಮಣ್ಣು, ಒಂದು ಪದರ ಸೊಪ್ಪು—ಇದು ಸುಗ್ಗಿಗೆ ಕಟ್ಟ ಹಾಕುವ ಕೈ. ಅವಸರದಲ್ಲೂ ಆ ಕೈಗೆ ಬೇರೆ ರೀತಿ ಗೊತ್ತಿಲ್ಲ. ಕೋಟೆ ಬಾಗಿಲ ಕಲ್ಲುಗಳು ಸುಣ್ಣ ಇಲ್ಲದೆ ಒಂದಕ್ಕೊಂದು ಕಚ್ಚು ಹಾಕಿ ಕೂರಿಸಿದವು. ಬರುವಾಗ ಅದೇ ಕಚ್ಚು ನಿಮ್ಮ ಮಿಲ್ಲಿನ ಅಡಿಪಾಯದ ಕಲ್ಲುಗಳಲ್ಲಿ ನೋಡಿದೆ. ಮಾಸ್ಟ್ರೂ ನೋಡಿದ್ದರು. ಸ್ನೇಹಿತರಾದ ನಿಮ್ಮನ್ನು ಕೇಳಿ, ಚಪ್ಪಲಿ ಇಲ್ಲಿ ಬಿಟ್ಟು, ಅಳೆಯಲಿಕ್ಕೆ ಒಳಗೆ ಹೋದರು. ಕಳ್ಳತನ ಹೊರಗೆ ಬರಬಾರದೆಂದು ನೀವು ತೂಬು ಮುಚ್ಚಿ, ಚಪ್ಪಲಿ ಕೆರೆಯ ಮೆಟ್ಟಿಲಿಗೆ ಒಯ್ದಿಟ್ಟಿರಿ. ಅಲ್ವಾ?"

ಜೋಕಿಮ್ ರಾಯರ ಕುತ್ತಿಗೆಗೆ ಕೈ ಹಾಕಿದ. ಹುಡುಕಲು ಬಂದಿದ್ದ ಇನ್ನೊಬ್ಬ ಹಾರೆ ಎತ್ತಿ ಗುಡ್ಡೆಗೆ ಬೀಸಲು ಹೊರಟ.

"ಬೇಡ," ಎಂದರು ವಿಷ್ಣುಮೂರ್ತಿ. ಮೆಲ್ಲಗೆ, ತನಗೇ ಹೇಳಿಕೊಂಡಂತೆ. "ಒಳಗೆ ಹಲಗೆ ಉಂಟು. ಒಮ್ಮೆಲೇ ಒಡೆದರೆ ನೀರು ಅವನನ್ನು ಕಲ್ಲಿಗೆ ಬಡಿಯುತ್ತದೆ."

ಬೆನೆಡಿಕ್ಟಾ ಅಣ್ಣನ ಕೈ ಹಿಡಿದು ಬಿಡಿಸಿದಳು. ರಾಯರ ಮುಖಕ್ಕೆ ಮುಖ ಕೊಟ್ಟು ನಿಂತಳು. ಈ ಮನುಷ್ಯನ ಕೈಯಿಂದ ಅವಳು ಇವತ್ತು ಕಾಫಿ ಕುಡಿದಿದ್ದಳು.

"ನೀವೇ ಕಟ್ಟಿದ್ದು. ನೀವೇ ಬಿಡಿಸಿ."

"ಬಾಯಲ್ಲಿ ಹೇಳಲಿ ಸಾಕು, ನಾವು ಮಾಡ್ತೇವೆ," ಎಂದ ಜೋಕಿಮ್.

"ನಿನಗೆ ಸಮುದ್ರ ಗೊತ್ತು. ಕಟ್ಟ ಗೊತ್ತಿಲ್ಲ. ಅವರೇ ಮಾಡಲಿ."

ವಿಷ್ಣುಮೂರ್ತಿ ಪಂಚೆ ಎತ್ತಿ ಕಟ್ಟಿದರು. ಬರಿಗೈಯಲ್ಲಿ ಮಣ್ಣು ಎಳೆದರು, ಸೊಪ್ಪು ಎಳೆದರು. ತೂಬಿನ ಕಲ್ಲಿನ ಚೌಕಟ್ಟಿನಲ್ಲಿ, ಹಲಗೆ ಇಳಿಸಲೆಂದೇ ಹಿಂದಿನವರು ಕೊರೆದ ಸೀಳು ಕಂಡಿತು. ಅದರೊಳಗೆ ರಾಯರ ಗದ್ದೆಯ ಕಟ್ಟದ ಹಲಗೆಗಳು. ಮೇಲಿನದನ್ನು ಹಾರೆಯಿಂದ ತುಸು ಮೀಟಿದರು. ನೀರು ಕೆಂಪಗೆ ಚಿಮ್ಮಿತು. ಬೆನೆಡಿಕ್ಟಾಳಿಗೆ ಹಾರೆ ಕಸಿದು ಎಲ್ಲವನ್ನೂ ಒಡೆದುಬಿಡಬೇಕೆನಿಸಿತು. ರಾಯರು ಕಾದರು. ನೀರಿನ ಆರ್ಭಟ ಇಳಿದ ಮೇಲೆ ಮುಂದಿನ ಹಲಗೆ. ಮತ್ತೆ ಕಾಯುವುದು. ಒಂದು ಹಲಗೆಯೂ ಜಾರಲಿಲ್ಲ.

ಕೊನೆಯ ಹಲಗೆ ಎತ್ತಿದಾಗ ಜೋಕಿಮ್ ಒಳಗೆ ನುಗ್ಗಿದ. ಬಹಳ ಹೊತ್ತು ಕತ್ತಲಲ್ಲಿ ನೀರಿನ ಸದ್ದು ಮಾತ್ರ. ಆಮೇಲೆ ಅವನ ಬೆನ್ನು, ಅವನು ಹಿಂದಕ್ಕೆ ಎಳೆದು ತರುತ್ತಿದ್ದ ದೇಹ. ಬಿಳಿಚಿ ಮುದುಡಿದ ಪಾದಗಳು.

ಬೆನೆಡಿಕ್ಟಾ ಕೆಸರಿನಲ್ಲಿ ಕೂತು ಆ ಪಾದಗಳನ್ನು ಮಡಿಲಿಗೆ ಎಳೆದುಕೊಂಡಳು. ಮಂಜುಗಡ್ಡೆಯಷ್ಟು ತಣ್ಣಗೆ. ಉಜ್ಜಿದಳು. ಹೆಸರು ಹಿಡಿದು ಕರೆದಳು. ಮತ್ತೆ ಉಜ್ಜಿದಳು.

ಪಕ್ಕದಲ್ಲಿ ಹಾರೆ ಹಿಡಿದು ನಿಂತಿದ್ದ ವಿಷ್ಣುಮೂರ್ತಿ, ಯಾರೂ ಹೇಳದೆ, ಅದನ್ನು ಕೆಳಗಿಟ್ಟು ನೆಲದ ಮೇಲೆ ಕೂತರು.

ಅವಳ ಅಂಗೈಯಲ್ಲಿ ಗಂಡನ ಹೆಬ್ಬೆರಳು ಅಲುಗಿತು.