ರೊಕಿಯಾಳ ಅನ್ನದ ದೋಣಿ

ತನ್ನನ್ನು ಮೊದಲನೇ ದೋಣಿಯಲ್ಲಿ ಕಂಡ ಕೂಡಲೇ ಸಂಜಯ್ ಎರಡನೇ ದೋಣಿಯ ಕಡೆ ತಿರುಗಿದ್ದು ವೇದವತಿಯ ಕಣ್ಣು ತಪ್ಪಲಿಲ್ಲ.

ಅವನ ಒಂದು ಕಾಲು ಆಗಲೇ ದೋಣಿಯ ಅಂಚಿನ ಮೇಲಿತ್ತು. ಹಿಡಿದುಕೊಳ್ಳಲೆಂದು ದೋಣಿಯವನು ಕೈಯನ್ನೂ ಚಾಚಿದ್ದ. ಅಷ್ಟರಲ್ಲಿ ಇವಳ ಹಳದಿ ದುಪಟ್ಟಾ ಕಂಡಿತೋ ಏನೋ, ಏನನ್ನೋ ಮರೆತವನ ಹಾಗೆ ಜೇಬು ಮುಟ್ಟಿ ನೋಡಿಕೊಂಡು, ಕಾಲು ಹಿಂದಕ್ಕೆ ತೆಗೆದು, ಪಕ್ಕದ ದೋಣಿ ಹತ್ತಿ ಕೂತುಬಿಟ್ಟ. ಕೂತವನು ನದಿಯನ್ನೇ ನೋಡತೊಡಗಿದ, ಜನ್ಮದಲ್ಲಿ ನೀರು ಕಾಣದವನ ಹಾಗೆ.

ಬೇರೆ ಯಾರಾದರೂ ಆಗಿದ್ದರೆ ತಾವೂ ಮುಖ ತಿರುಗಿಸಿ ಕೂರುತ್ತಿದ್ದರು. ವೇದವತಿ ಆ ಪೈಕಿಯಲ್ಲ. ಮಲೇಷ್ಯಾದ ನಿಲಾಯ್‌ನಲ್ಲಿ ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಕಲಿಸುವವಳು. ಅಜ್ಜಿಯ ಹೆಸರನ್ನು ಹೊತ್ತುಕೊಂಡು, ಅಜ್ಜಿಯ ಧೈರ್ಯವನ್ನೂ ಜೊತೆಗೇ ತಂದವಳು ಎಂದು ಬ್ರಹ್ಮಾವರದ ಮನೆಯಲ್ಲಿ ಹೇಳುತ್ತಿದ್ದರು. ಅವಳು ಎದ್ದು ನಿಂತಳು.

"ನಿತ್ಯಾನಂದ ಸರ್, ನಾನು ಆ ದೋಣಿಗೆ ಹೋಗ್ತೇನೆ."

ಪ್ರವಾಸವನ್ನು ಏರ್ಪಡಿಸಿದ್ದ ಹಿರಿಯ ಡಾಕ್ಟರು ತಲೆ ಎತ್ತಿದರು. "ಯಾಕೆ ಮಾರಾಯ್ತಿ, ಈ ದೋಣಿಗೆ ಎಂತ ಆಯ್ತು?"

"ಇದಕ್ಕೆ ಎಂತದೂ ಆಗ್ಲಿಲ್ಲ. ಅದಕ್ಕೆ ಏನೋ ಆಗಿದೆ. ನೋಡ್ಬೇಕು."

ಭಾನುವಾರ ಬಂತೆಂದರೆ ಪುಚೊಂಗ್‌ನಲ್ಲಿ ನಿತ್ಯಾನಂದರ ಮನೆಯಲ್ಲಿ ಮಕ್ಕಳಿಗೆ ಕನ್ನಡ ತರಗತಿ. ಕಲಿಸುವವರು ಇಬ್ಬರು. ಕರಾವಳಿಯ ವೇದವತಿ, ಗದಗಿನ ಸಂಜಯ್. ಮಕ್ಕಳು ಇಬ್ಬರ ಕನ್ನಡವನ್ನೂ ಅರ್ಥ ಮಾಡಿಕೊಂಡು ಇಬ್ಬರಿಗೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದರು. ಕ್ಲಾಸು ಮುಗಿದ ಮೇಲೆ ಕೆಳಗೆ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ನೊರೆ ತುಂಬಿದ ತೆ ತಾರಿಕ್ ಚಹಾ. ಮೊದಮೊದಲು ಪಾಠದ ಮಾತು, ಆಮೇಲೆ ಊರಿನ ಮಾತು, ಆಮೇಲೆ ಗ್ಲಾಸು ಖಾಲಿಯಾಗಿ ಗಂಟೆ ಕಳೆದರೂ ಮುಗಿಯದ ಮಾತು. ತನಗೆ ಮದುವೆಯಾಗಿ ವಿಚ್ಛೇದನವಾಗಿದೆ ಎಂಬುದನ್ನು ಅವನು ಹೇಳಿದ್ದೂ ಅಲ್ಲೇ, ಚಮಚದಲ್ಲಿ ನೊರೆಯನ್ನು ಸುಮ್ಮನೆ ತಿರುವುತ್ತಾ. ಅವನು ತನಗೆ ಎಷ್ಟು ಬೇಕಾದವನು ಎಂದು ವೇದವತಿಗೆ ತಿಳಿದದ್ದೂ ಆ ಸಂಜೆಯೇ.

ಹಾಗಿದ್ದವನು ಕಳೆದ ಒಂದು ತಿಂಗಳಿಂದ ಕ್ಲಾಸು ಮುಗಿದದ್ದೇ "ಕೆಲಸ ಐತ್ರಿ" ಎಂದು ಹೊರಟುಬಿಡುತ್ತಿದ್ದ. ಮೆಸೇಜು ಕಳಿಸಿದರೆ ಹೆಬ್ಬೆರಳೆತ್ತಿದ ಒಂದು ಗುರುತು ಬರುತ್ತಿತ್ತು, ಅಷ್ಟೇ. ಕೆಲಾಂತಾನ್ ಕಡೆಗೆ ಎಲ್ಲರೂ ಒಟ್ಟಿಗೆ ಪ್ರವಾಸ, ತುಂಪಾಟ್ ಬಳಿಯ ದ್ವೀಪದಲ್ಲಿ ತೇಲುವ ಸಂತೆ ನೋಡುವುದು ಎಂದಾಗ ಅವಳು ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಸಂಜಯ್ ಬರ್ತಾರಾ?

ಬಂದಿದ್ದ. ಈಗ ಅವನ ಪಕ್ಕದ ಹಲಗೆ ಖಾಲಿಯಿತ್ತು.

"ಇಲ್ಲಿ ಯಾರಾದ್ರೂ ಉಂಟಾ?"

"ಇಲ್ರಿ... ಕೂಡ್ರಿ."

ಕೂತಳು. ದೋಣಿ ವಾಲಿತು, ಅವನು ಅಂಚು ಹಿಡಿದುಕೊಂಡ. ಅವನ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನ ಪಟ್ಟಿ ಅಡ್ಡಾದಿಡ್ಡಿ ಸಿಕ್ಕಿಕೊಂಡಿತ್ತು.

"ಪೆಟಾಲಿಂಗ್ ಜಯಾದ ಲಿಫ್ಟುಗಳ ಸೇಫ್ಟಿಯೆಲ್ಲ ನೋಡ್ಕೊಳ್ಳುವವರು ನೀವೇ ಅಲ್ವಾ? ಇದು ಯಾವ ನಮೂನೆ ಸೇಫ್ಟಿ?"

ಉತ್ತರಕ್ಕೆ ಕಾಯದೆ ಅವಳೇ ಕ್ಲಿಪ್ಪು ಬಿಚ್ಚಿ, ಪಟ್ಟಿ ನೇರ ಮಾಡಿ ಮತ್ತೆ ಹಾಕಿದಳು. ಅವನು ಅಲುಗಾಡಲಿಲ್ಲ. ಕಣ್ಣು ಮಾತ್ರ ಒಮ್ಮೆ ಅವಳ ಬೆರಳುಗಳ ಮೇಲೆ ಇಳಿದು, ಅವಳ ಹಣೆಯ ಮೇಲೆ ಹಾರುತ್ತಿದ್ದ ಕೂದಲಿಗೆ ಏರಿ, ಸಿಕ್ಕಿಬೀಳುವ ಮೊದಲೇ ನದಿಗೆ ಓಡಿಹೋಯಿತು.

"ಉಸಿರು ಬಿಡಿ," ಅಂದಳು ವೇದವತಿ. "ನಾನು ಫಿಸಿಯಾಲಜಿಯವಳು. ಬಿಡದಿದ್ರೆ ಗೊತ್ತಾಗ್ತದೆ."

ಅವನು ನಕ್ಕ. ತಿಂಗಳ ಮೇಲೆ ಕಂಡ ನಗು. ಎಂಜಿನ್ ಗುಡುಗಿ, ದೋಣಿ ದಡ ಬಿಟ್ಟಿತು. ಎರಡೂ ಕಡೆ ನೀಪಾ ತಾಳೆಯ ಗರಿಗಳು ನೀರಿನಿಂದಲೇ ನೇರ ಎದ್ದು ನಿಂತಿದ್ದವು. ಉಪ್ಪುಗಾಳಿ ಮುಖಕ್ಕೆ ಹೊಡೆಯಿತು. ಗದ್ದಲದಲ್ಲಿ ಉಳಿದವರಿಗೆ ಮಾತು ಕೇಳುವಂತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದೂ ಅದೇ.

"ನನ್ನನ್ನು ಕಂಡ್ರೆ ಓಡ್ತಾ ಇದ್ದೀರಿ. ನಾನು ಎಂತ ಮಾಡಿದೆ?"

"ನೀವೇನೂ ಮಾಡಿಲ್ರಿ."

"ಮತ್ತೆ?"

"ಮದುವಿ ಗೊತ್ತಾದವರ ಜೋಡಿ ವಾರಾ ವಾರಾ ಚಾ ಕುಡಕೋತ ಕೂಡೂದು ಚಲೋ ಕಾಣಂಗಿಲ್ರಿ. ಅದಕ್ಕ."

"ಯಾರಿಗೆ ಮದುವೆ ಗೊತ್ತಾದದ್ದು?"

"ನಿಮಗರೀ. ನಿತ್ಯಾನಂದ ಸರ್ ಎಲ್ಲಾರ ಮುಂದ ಹೇಳಿದ್ರಲ್ಲ, ವೇದವತಿ ಮದುವೆಗೆ ಊರಿಗೆ ಹೋಗ್ತಾಳೆ, ಕ್ಲಾಸಿಗೆ ಬೇರೆಯವರನ್ನ ನೋಡ್ಬೇಕು ಅಂತ."

ವೇದವತಿ ಅವನನ್ನೇ ನೋಡಿದಳು. ಆಮೇಲೆ ಬೆನ್ನು ಬಾಗಿಸಿ, ಮೊಣಕಾಲಿಗೆ ಹಣೆ ತಾಗುವಷ್ಟು ನಕ್ಕಳು.

"ವೇದವತಿ ಮದುವೆಗೆ ಹೋಗುದು ಹೌದು. ತಂಗಿಯ ಮದುವೆಗೆ. ನಮ್ಮ ನವ್ಯಾಳದ್ದು."

ಅವನ ಕಿವಿ ಕೆಂಪಾಗಿದ್ದು ಬಿಸಿಲಿನಿಂದಲ್ಲ. "ತಂಗಿದ...?"

"ತಂಗಿದೇ. ಕೇಳಿದ್ರೆ ಹೇಳ್ತಿದ್ದೆ. ಒಂದು ಗ್ಲಾಸ್ ಚಹಾದಲ್ಲಿ ಮುಗೀತಿತ್ತು."

ಅವನ ಮುಖ ಅರಳಿತು. ಆದರೆ ಅರಳಿದ್ದು ಅರ್ಧಕ್ಕೇ ನಿಂತಿತು. ಏನೋ ನೆನಪಾದವನ ಹಾಗೆ ಮತ್ತೆ ನೀರು ನೋಡಿದ. ಅದ್ಯಾಕೆಂದು ಕೇಳುವಷ್ಟರಲ್ಲಿ ಸಂತೆ ಬಂದೇಬಿಟ್ಟಿತು.

ದ್ವೀಪದ ಅಂಚಿಗೆ ಮರದ ಕಟ್ಟೆ. ಅದಕ್ಕೆ ತಾಗಿ ಸಾಲು ಸಾಲು ಪುಟ್ಟ ದೋಣಿಗಳು, ಒಂದೊಂದಕ್ಕೂ ಒಂದೊಂದು ಬಣ್ಣದ ಛತ್ರಿ. ಛತ್ರಿಯ ಕೆಳಗೆ ತಲೆವಸ್ತ್ರದ ಹೆಂಗಸರು ಬಾಳೆಲೆಯ ಪೊಟ್ಟಣ, ಕೆಂಡದ ಮೇಲೆ ಬೇಯುವ ಸಿಹಿ, ಸುಟ್ಟ ಚಿಪ್ಪುಮೀನು ಮಾರುತ್ತಿದ್ದರು. ಕಟ್ಟೆಯ ಮೇಲೆ ಜನ ಬಗ್ಗಿ ಬಗ್ಗಿ ಕೊಳ್ಳುತ್ತಿದ್ದರು. ನಿತ್ಯಾನಂದರು ಮನೆಯವರಿಗೆಲ್ಲ ತಪಾವ್, ಅಂದರೆ ಪಾರ್ಸೆಲ್ಲು, ಕಟ್ಟಿಸುವುದರಲ್ಲಿ ಮುಳುಗಿಹೋದರು.

ವೇದವತಿ ನಿಂತದ್ದು ನೀಲಿ ಅನ್ನದ ದೋಣಿಯ ಮುಂದೆ. ಶಂಖಪುಷ್ಪದ ಬಣ್ಣ ಹಾಕಿ ಬೇಯಿಸಿದ ಅನ್ನ, ಅದರ ಸುತ್ತ ಹೆಚ್ಚಿದ ಹಸಿ ಸೊಪ್ಪು. ಮಾರುವವಳು ದಪ್ಪಗಿನ, ನಗುಮುಖದ ಹೆಂಗಸು. ಎಲ್ಲರೂ ಅವಳನ್ನು ಮಾಕ್ ಚಿಕ್ ರೊಕಿಯಾ ಎಂದು ಕರೆಯುತ್ತಿದ್ದರು, ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ.

ಇವರು ಮೀನು ತಿನ್ನುವುದಿಲ್ಲ ಎಂದು ವೇದವತಿ ತನಗೆ ತಿಳಿದ ಮಲಯ್ ಭಾಷೆಯಲ್ಲಿ ಹೇಳಿದಳು. ರೊಕಿಯಾ ಸಂಜಯನನ್ನು ಕರುಣೆಯಿಂದ ನೋಡಿ, ಬರೀ ಅನ್ನ, ಸೊಪ್ಪು, ಸುಲಿದ ಮಾವಿನಕಾಯಿ ಇಟ್ಟುಕೊಟ್ಟಳು. ಕಟ್ಟೆಯ ಮೇಲೆ ಕೂರಲು ಜಾಗವಿರಲಿಲ್ಲ. ಬನ್ನಿ, ಇಲ್ಲೇ ಕೂತು ತಿನ್ನಿ ಎಂದು ದೋಣಿಯೊಳಗೇ ಕರೆದಳು. ಇಬ್ಬರೂ ಇಳಿದು ಎದುರುಬದುರು ಕೂತರು. ಎರಡು ತುತ್ತು ಹೋಗಿರಬೇಕು, ದೋಣಿ ನಿಧಾನವಾಗಿ ಕಟ್ಟೆ ಬಿಟ್ಟು ಸರಿಯಿತು. ರೊಕಿಯಾ ಹಗ್ಗ ಬಿಚ್ಚಿ ಹುಟ್ಟು ಹಾಕುತ್ತಿದ್ದಳು.

"ಎಲ್ಲಿಗೆ ಹೊಂಟಾಳ್ರಿ ಈಕಿ?"

ಎದುರು ದಡದ ಮನೆಯೊಂದಕ್ಕೆ ಊಟ ಕೊಟ್ಟು ಬರಬೇಕಂತೆ, ಈಗಲೇ ತಿರುಗಿ ಬರುತ್ತೇನೆ, ನೀವು ತಿನ್ನಿ, ಮಾಕಾನ್, ಮಾಕಾನ್, ಎಂದಳು ರೊಕಿಯಾ.

"ಈಗ ಇನ್ನೊಂದು ದೋಣಿಗೆ ಓಡ್ಲಿಕ್ಕೆ ಆಗುದಿಲ್ಲ," ಎಂದು ವೇದವತಿ ಅನ್ನ ಕಲಸಿದಳು.

"ಓಡೂ ಮನಸ್ಸೂ ಇಲ್ರಿ," ಅಂದ ಅವನು, ಮೆಲ್ಲಗೆ. ಈ ಸಲ ಕಣ್ಣು ತಪ್ಪಿಸಲಿಲ್ಲ. ಅವಳೇ ತುತ್ತನ್ನು ಬಾಯಿಗಿಡುವುದು ಮರೆತಳು.

ರೊಕಿಯಾ ಇಬ್ಬರನ್ನೂ ಒಮ್ಮೆ ನೋಡಿ ಸಂಜಯನನ್ನು ಕೇಳಿದಳು: ಗಂಡ ಹೆಂಡತಿಯೇ?

ಮಲಯ್ ಭಾಷೆಯಲ್ಲಿ 'ಅಲ್ಲ' ಎನ್ನಲು 'ಬುಕಾನ್' ಎಂಬ ಮಾತಿದೆ. ಸಂಜಯ್ ಅದನ್ನು ಹೇಳಲಿಲ್ಲ.

"ಬೆಲುಮ್," ಅಂದ.

ಇನ್ನೂ ಆಗಿಲ್ಲ.

ರೊಕಿಯಾ ತೃಪ್ತಿಯಿಂದ ತಲೆಯಾಡಿಸಿ ಹುಟ್ಟಿಗೆ ಮರಳಿದಳು. ವೇದವತಿಯ ಎದೆ ಬಡಿತ ಎಷ್ಟು ಏರಿತೆಂದು ಅವಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

"ನಿಮಗೆ ಬುಕಾನ್‌ಗೂ ಬೆಲುಮ್‌ಗೂ ವ್ಯತ್ಯಾಸ ಗೊತ್ತುಂಟಾ?"

"ಈ ದೇಶಕ್ಕ ಬಂದು ಹತ್ತು ವರ್ಷ ಆತ್ರಿ. ಗೊತ್ತೈತಿ."

"ಬಾಯಿ ತಪ್ಪಿ ಬಂದದ್ದಲ್ಲ?"

"ಅಲ್ರಿ. ವರ್ಷದಿಂದ ಬಾಯಾಗ ಇಟಕೊಂಡಿದ್ದು." ಅವನು ಬಾಳೆಲೆಯನ್ನು ಪಕ್ಕಕ್ಕಿಟ್ಟ. "ಆದ್ರ ಒಂದು ತಪ್ಪು ಮಾಡೀನಿ. ನಿಮ್ಮ ಮದುವಿ ಅಂತ ತಿಳಕೊಂಡು, ಅದ ಊರಾಗ ಇರೂದು ಬ್ಯಾಡಂತ ನಾನೇ ಕೇಳಿ ವರ್ಗ ಮಾಡಿಸಿಕೊಂಡೆ. ಕೋಟಾ ಕಿನಬಾಲುಕ್ಕ. ಬರೂ ತಿಂಗಳ ಹೋಗಬೇಕು. ಎರಡು ವರ್ಷ."

ಸಮುದ್ರದಾಚೆಯ ಬೋರ್ನಿಯೋ. ವೇದವತಿಗೆ ಮೊದಲು ಬಂದದ್ದು ಸಿಟ್ಟು. ಒಂದು ಪ್ರಶ್ನೆ ಕೇಳಲಾರದೆ ಊರನ್ನೇ ಬಿಟ್ಟು ಹೊರಟ ಗಂಡಸು. ಅವಳು ನೀರಿಗೆ ಕೈ ಇಳಿಬಿಟ್ಟು, ಬೆರಳ ಸಂದಿಯಲ್ಲಿ ತಣ್ಣಗೆ ಹರಿಯುವುದನ್ನು ನೋಡುತ್ತಾ ಕೂತಳು. ಅವನು ಸಮಜಾಯಿಷಿ ಹೇಳಲಿಲ್ಲ, ಕಾದ. ಎದುರು ದಡ ಬಂತು. ಮನೆಯವಳೊಬ್ಬಳು ಮೆಟ್ಟಿಲಿಳಿದು ಬಂದು ಪೊಟ್ಟಣ ತೆಗೆದುಕೊಂಡು ರೊಕಿಯಾಳ ಜೊತೆ ಹರಟೆಗೆ ನಿಂತಳು.

"ತಪ್ಪಿಸ್ಲಿಕ್ಕೆ ಆಗ್ತದಾ?" ಕಡೆಗೆ ಕೇಳಿದಳು.

"ಆಗಂಗಿಲ್ರಿ. ನಾ ಬಿಟ್ಟ ಜಾಗಕ್ಕ ಒಬ್ಬರು ಬಂದೂ ಆಗೇತಿ."

"ಸರಿ. ಹೋಗಿ." ಕೈ ಒದರಿ ದುಪಟ್ಟಾಕ್ಕೆ ಒರೆಸಿಕೊಂಡಳು. "ನಿಲಾಯ್‌ನಿಂದ ಏರ್‌ಪೋರ್ಟಿಗೆ ಅರ್ಧ ಗಂಟೆ. ಪುಚೊಂಗ್‌ಗೆ ಬರ್ಬೇಕಾದ್ರೆ ಟ್ರಾಫಿಕ್ಕಿನಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ಸಾಯ್ಬೇಕು. ಒಂದು ವಾರ ನಾನು ಬರ್ತೇನೆ, ಇನ್ನೊಂದು ವಾರ ನೀವು ಬನ್ನಿ. ಎರಡು ವರ್ಷ ಹೋಗುದು ಗೊತ್ತಾಗುದಿಲ್ಲ."

"ಇಷ್ಟು ಸಸಾರ ಏನ್ರಿ?"

"ಸಸಾರ ಅಲ್ಲ. ನನಗೆ ಬೇಕು, ಅಷ್ಟೇ. ಬೇಕಾದ್ದಕ್ಕೆ ಪ್ರಯಾಣ ಮಾಡ್ಲಿಕ್ಕೆ ನನಗೆ ಬೇಜಾರಿಲ್ಲ."

ಅವನು ಬಹಳ ಹೊತ್ತು ಅವಳನ್ನು ನೋಡಿದ. ತೊಯ್ದ ತುದಿಯ ದುಪಟ್ಟಾ, ನೀಲಿಯಾದ ಬೆರಳ ತುದಿ, ಬಿಸಿಲಿಗೆ ಕಿರಿದಾದ ಕಣ್ಣು. ಕೈ ಚಾಚಿದವನು ಅರ್ಧಕ್ಕೇ ತಡೆದ.

"ನನ್ನ ಹಳೇ ಸಂಸಾರದ ಸಂಗತಿ ನಿಮ್ಮ ತಾಯಿಯವರಿಗೆ ಗೊತ್ತೈತೇನ್ರಿ?"

"ಇಲ್ಲ."

"ಅದು ಅವರಿಗೆ ಗೊತ್ತಾಗಬೇಕ್ರಿ. ಗೊತ್ತಾಗದ ನಾ ಈ ಕೈ ಹಿಡಿಯಂಗಿಲ್ಲ. ಆಮ್ಯಾಲ ಯಾರೂ ನಿಮ್ಮನ್ನ ಅನಬಾರದು."

ವೇದವತಿ ಪರ್ಸಿನಿಂದ ಫೋನ್ ತೆಗೆದಳು.

"ಈಗಾ?"

"ಸಿಗ್ನಲ್ ಉಂಟು. ಊರಿನಲ್ಲಿ ಈಗ ತಿಂಡಿಯ ಹೊತ್ತು, ಅಮ್ಮ ಅಡುಗೆಮನೆಯಲ್ಲೇ ಇರ್ತಾರೆ."

ವಿಡಿಯೋ ಹಚ್ಚಿದಳು. ತೆರೆಯ ಮೇಲೆ ಮೊದಲು ದೋಸೆಕಾವಲಿಯ ಹೊಗೆ ಕಂಡಿತು, ಆಮೇಲೆ ಅಮ್ಮನ ಅರ್ಧ ಮುಖ.

"ಎಂತ ಮಗಾ, ದೋಣಿಯಲ್ಲಿ ಇದ್ದೀಯಾ ನೀನು?"

"ಹೌದಮ್ಮ. ಒಂದು ವಿಷಯ. ನಾನು ಒಬ್ಬರನ್ನು ಇಷ್ಟಪಟ್ಟಿದ್ದೇನೆ. ಸಂಜಯ್ ಅಂತ, ಕನ್ನಡ ಕ್ಲಾಸಿನವರು. ಅವರಿಗೆ ಮೊದಲು ಮದುವೆಯಾಗಿತ್ತು. ಡೈವೋರ್ಸ್ ಆಗಿ ಸುಮಾರು ವರ್ಷ ಆಯ್ತು."

ಆ ಕಡೆ ದೋಸೆ ಮಗುಚುವ ಸದ್ದು ನಿಂತಿತು. ಸಂಜಯ್ ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಕೂತಿದ್ದ.

"ಎಂತಕ್ಕೆ ಬಿಟ್ಟದ್ದು?"

"ಹೊಂದಿಕೆ ಆಗ್ಲಿಲ್ಲ. ಆದ್ರೆ ಅವಳ ಬಗ್ಗೆ ಇವರ ಬಾಯಿಂದ ಒಂದು ಕೆಟ್ಟ ಮಾತು ನಾನು ಇವತ್ತಿನವರೆಗೆ ಕೇಳ್ಲಿಲ್ಲ."

ಅಮ್ಮ ಒಲೆ ಆರಿಸಿದರು. ಕನ್ನಡಕ ಹುಡುಕಿ ಹಾಕಿಕೊಂಡರು. "ಈಗ ನೀನು ನನ್ನ ಹತ್ರ ಕೇಳುದಾ, ಹೇಳುದಾ?"

"ಹೇಳುದು," ಅಂದಳು ವೇದವತಿ. "ಆದ್ರೆ ನೀವು ಹೂಂ ಅಂದ್ರೆ ನನಗೆ ಖುಷಿ."

"ಮುಖ ತೋರಿಸು ನೋಡುವ."

ಅವಳು ಫೋನನ್ನು ಅವನ ಕಡೆ ತಿರುಗಿಸಿದಳು. ಕಿತ್ತಳೆ ಜಾಕೆಟ್ಟಿನಲ್ಲಿ, ಗಾಳಿಗೆ ಕೆದರಿದ ತಲೆಯಲ್ಲಿ ಸಂಜಯ್ ಕೈ ಮುಗಿದ. "ನಮಸ್ಕಾರ್ರಿ ಅಮ್ಮಾರ."

"ಘಟ್ಟದ ಮೇಲಿನವರಾ?"

"ಹೌದ್ರಿ. ಗದಗ."

ಅಮ್ಮ ನೋಡಿದರು. ತುಂಬ ಹೊತ್ತು ನೋಡಿದರು. ಅವನೂ ಮುಖ ತಗ್ಗಿಸದೆ ಕೂತ.

"ನವ್ಯಾಳ ಮದುವೆಗೆ ನೆಂಟರ ಹಾಗೆ ಊಟದ ಹೊತ್ತಿಗೆ ಬರುದು ಬೇಡ," ಎಂದರು ಕೊನೆಗೆ. "ನಾಲ್ಕು ದಿವಸ ಮೊದಲೇ ಬನ್ನಿ. ಮನೆಯಲ್ಲಿ ಕೆಲಸ ಉಂಟು. ದೋಸೆ ಕರಟಿತು, ಇಡ್ತೇನೆ."

ಫೋನು ಕತ್ತಲಾಯಿತು. ಸಂಜಯ್ ಇನ್ನೂ ಕೈ ಮುಗಿದುಕೊಂಡೇ ಇದ್ದ.

"ಏನ್ರಿ ಇದು? ಕೆಲಸಕ್ಕ ಕರದ್ರು. ಒಪ್ಪಿದ್ರೋ, ಇಲ್ಲೋ?"

"ನಮ್ಮ ಕಡೆ ಮದುವೆಮನೆಯಲ್ಲಿ ಹೊರಗಿನವರಿಗೆ ಕೆಲಸ ಹೇಳುದಿಲ್ಲ ಮಾರಾಯ್ರೆ," ಅಂದಳು ವೇದವತಿ. ಹೇಳುವಾಗ ಅವಳ ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ.

ಅವನು ಮುಗಿದ ಕೈಗಳನ್ನು ಬಿಡಿಸಿ, ಅವಳ ನೀಲಿ ಬೆರಳುಗಳನ್ನು ಅದರೊಳಗೆ ತೆಗೆದುಕೊಂಡ. ರೊಕಿಯಾ ಹರಟೆ ಮುಗಿಸಿ ಬಂದು ದೋಣಿ ತಿರುಗಿಸಿದಳು. ಎದುರಿಗೆ ಕಟ್ಟೆಯ ಮೇಲೆ ನಿತ್ಯಾನಂದರು ಎರಡೂ ಕೈಯಲ್ಲಿ ಪೊಟ್ಟಣ ಹಿಡಿದುಕೊಂಡು ಇವರನ್ನೇ ನೋಡುತ್ತಾ ನಿಂತಿದ್ದರು. ಸಂಜಯ್ ಅವರನ್ನು ಕಂಡ. ಕೈ ಮಾತ್ರ ಬಿಡಲಿಲ್ಲ.