ಬಲಕ್ಕೆ ಗುಂಡಿ

ಪ್ಲಾಸ್ಟರ್ ಕೋಣೆಯ ನರ್ಸ್‌ಗೆ ವೆಲ್ಡರನ ಮುಖದ ಪರಿಚಯ ಸರಿಯಾಗಿ ಇರಲಿಲ್ಲ. ಇದ್ದದ್ದು ಬೆನ್ನಿನ ಪರಿಚಯ.

ಒಂದು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಅವಳು ಆ ಬೆನ್ನಿನ ಹಿಂದೆ ಎಪ್ಪತ್ತು ಕಿಲೋಮೀಟರ್ ಸೈಕಲ್ ತುಳಿಯುತ್ತಿದ್ದಳು. ಹನ್ನೊಂದು ಜನರ ಗುಂಪು, ಒಬ್ಬರ ಹಿಂದೆ ಒಬ್ಬರು, ಗಂಟೆಗೆ ನಲವತ್ತರ ವೇಗ. ಎರಡು ಚಕ್ರಗಳ ನಡುವೆ ಒಂದೇ ಗೇಣು. ಅಷ್ಟು ಹತ್ತಿರದಿಂದ ರಸ್ತೆ ಕಾಣುವುದಿಲ್ಲ. ಮುಂದಿನವನ ಬೆನ್ನು ಕಾಣುತ್ತದೆ, ಕೈ ಕಾಣುತ್ತದೆ. ಬಲಗೈ ಕೆಳಗಿಳಿದರೆ ಬಲಕ್ಕೆ ಗುಂಡಿ ಇದೆ, ಎಡಕ್ಕೆ ಸರಿಯಬೇಕು. ಎಡಗೈ ಇಳಿದರೆ ಬಲಕ್ಕೆ. ಕಂಡ ಸನ್ನೆಯನ್ನು ತಾನೂ ಮಾಡಿ ಹಿಂದಿನವರಿಗೆ ದಾಟಿಸಬೇಕು.

"ಕೈ ಕಂಡ್ರೆ ನಂಬು. ಯೋಚನೆ ಮಾಡ್ತಾ ಕೂತ್ರೆ ಬಿದ್ದಿರ್ತೀಯ" ಎಂದು ಗುಂಪು ಕಟ್ಟಿದ ಡ್ರಿಲ್ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ಶಾಲೆಯಿಂದ ನಿವೃತ್ತರಾಗಿ ಆರು ವರ್ಷವಾಗಿದ್ದರೂ ಅವರ ಕುತ್ತಿಗೆಯ ಸೀಟಿ ಇನ್ನೂ ನಿವೃತ್ತವಾಗಿರಲಿಲ್ಲ.

ಆ ಮೊದಲ ದಿನವೇ ಅವಳ ಮುಂಚಕ್ರ ವೆಲ್ಡರನ ಹಿಂಚಕ್ರಕ್ಕೆ ತಗುಲಿತು. ಬಿದ್ದಳು. ಮೊಣಕೈ ಸುಲಿದು ರಕ್ತ ಸೋರಿತು.

"ಸಾಯೋದಿದ್ರೆ ಒಬ್ಳೇ ಸಾಯಿ. ನನ್ನ ಚಕ್ರ ಯಾಕೆ ಬೇಕು ನಿಂಗೆ?" ಅವನು ಕೂಗಿದ.

"ಬ್ರೇಕ್ ಒತ್ತಿದ್ದು ನೀನು! ಮುಂದಿರೋನು ಬ್ರೇಕ್ ಒತ್ತೋದು ಯಾಕೆ, ತಲೆ ಕೆರ್ಕೊಳ್ಳೋಕಾ?"

ಗುಂಪು ಬಿದ್ದುಬಿದ್ದು ನಕ್ಕಿತು. ಮುಂದಿನ ಭಾನುವಾರ ಅವನು ಬ್ರೇಕ್ ಮುಟ್ಟಲಿಲ್ಲ. ಅದರ ಮುಂದಿನ ಭಾನುವಾರವೂ ಮುಟ್ಟಲಿಲ್ಲ. ತಿಂಗಳಾಗುವಷ್ಟರಲ್ಲಿ ಅವಳು ಬೇರೆ ಯಾರ ಹಿಂದೆಯೂ ನಿಲ್ಲದಾದಳು.

ಕಿಡಿ ಹಾರಿ ಸುಟ್ಟ ಚುಕ್ಕೆಗಳು ಅವನ ಮುಂಗೈ ತುಂಬ ಇದ್ದವು. ಏರು ಬಂದಾಗ ಅವನು ತಲೆ ತಗ್ಗಿಸಿ, ಕಂಕುಳಡಿಯಿಂದ ಹಿಂದೆ ನೋಡುತ್ತಿದ್ದ. ಅವಳಿಗೆ ಕಾಣುತ್ತಿದ್ದದ್ದು ತಲೆಕೆಳಗಾದ ಒಂದು ಕಣ್ಣು, ಅರ್ಧ ನಗು.

"ರಸ್ತೆ ನೋಡು" ಎನ್ನುತ್ತಿದ್ದಳು.

"ರಸ್ತೆ ಎಲ್ಲೂ ಓಡಿಹೋಗಲ್ಲ."

"ನಾನೂ ಹೋಗಲ್ಲ. ಮುಂದೆ ನೋಡು."

ಒಮ್ಮೆ ಟೀ ಕುಡಿಯುವಾಗ ಕೇಳಿದ್ದ: "ಆಸ್ಪತ್ರೇಲಿ ಎಲ್ಲರೂ ನಿನ್ನ ಸಿಸ್ಟರ್ ಅಂತಾರಲ್ಲ?"

"ಅಂತಾರೆ. ನೀನೂ ಅನ್ನಬಹುದು."

"ಮೈಯಲ್ಲಿರೋ ಎಲುಬೆಲ್ಲ ಮುರಿದ್ರೂ ಅನ್ನಲ್ಲ."

ಅವಳು ಲೋಟದೊಳಗೆ ನೋಡಿಕೊಂಡು ನಕ್ಕಳು. ಅಷ್ಟೇ. ಅದಕ್ಕಿಂತ ಹೆಚ್ಚು ಇಬ್ಬರೂ ಹೇಳಲಿಲ್ಲ.

ಅವನಲ್ಲಿ ಒಂದು ಕೆಟ್ಟ ಗುಣವಿತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಯಾವುದೋ ಕಾರು ಒರಸಿಕೊಂಡು ಹೋಯಿತೆಂದು ಅಟ್ಟಿಸಿಕೊಂಡು ಹೋಗಿ ಅದರ ಕನ್ನಡಿ ಮುರಿದಿದ್ದ. "ಗಾಡಿ ಮೈಮೇಲೆ ಬಂದ್ರೂ ಕೈ ಹ್ಯಾಂಡಲ್ ಮೇಲಿರ್ಬೇಕು" ಎಂದು ಮೇಷ್ಟ್ರು ಅವನನ್ನು ಒಂದು ತಿಂಗಳು ಹೊರಗೆ ಹಾಕಿದರು. ಆ ನಾಲ್ಕು ಭಾನುವಾರವೂ ಅವನು ಇನ್ನೂರು ಮೀಟರ್ ಹಿಂದೆ ಒಬ್ಬನೇ ಬಂದ. ಅವಳಿಗೆ ಅವನ ಮೇಲೆ ಮನಸ್ಸಾದದ್ದು ಆಗಲೇ.

ಆ ಭಾನುವಾರ ಕಾಲುವೆ ಪಕ್ಕದ ಇಳಿಜಾರು. ವೆಲ್ಡರ್ ಮುಂದೆ, ಅವನ ಹಿಂದೆ ಅವಳು, ಅವಳ ಹಿಂದೆ ಮೇಷ್ಟ್ರು. ವೇಗ ಐವತ್ತು ದಾಟಿತ್ತು. ಒಂದು ಬಿಳಿ ವ್ಯಾನು ಹಾರ್ನ್ ಹೊಡೆಯುತ್ತ ಹಿಂದಿನಿಂದ ಬಲಗಡೆಗೆ ಬಂತು. ಅದರ ಕನ್ನಡಿ ವೆಲ್ಡರನ ಮೊಣಕೈಗೆ ನಾಲ್ಕು ಬೆರಳು ದೂರದಲ್ಲಿ ಹಾದುಹೋಯಿತು.

ಅವನ ಬಲಗೈ ಹ್ಯಾಂಡಲ್ ಬಿಟ್ಟು ಕೆಳಗಿಳಿಯಿತು. ವ್ಯಾನಿನ ಬಾಗಿಲಿಗೆ ಬಾರಿಸಲು ಬೀಸಿದ ಕೈ ಅದು.

ಅವಳಿಗೆ ವ್ಯಾನು ಕಂಡಿತ್ತು, ಆ ಕೈ ಇಳಿದದ್ದು ಗುಂಡಿಗಲ್ಲ ಎಂದೂ ಗೊತ್ತಿತ್ತು. ಆದರೂ ಅವಳ ಬಲಗೈ ತಾನಾಗಿ ಇಳಿಯಿತು.

ಮೇಷ್ಟ್ರು ಕೈ ಕಂಡರು, ನಂಬಿದರು, ಎಡಕ್ಕೆ ಸರಿದರು. ಎಡಕ್ಕೆ ಟಾರು ಮುಗಿದು ಜಲ್ಲಿ ಇತ್ತು, ಜಲ್ಲಿಯ ನಂತರ ಕಿಲೋಮೀಟರ್ ಕಲ್ಲಿತ್ತು.

ಅವಳು ತಿರುಗಿ ನೋಡುವ ಮೊದಲೇ ಶಬ್ದ ಕೇಳಿತು. ತೊಡೆಯೆಲುಬು ಮುರಿಯುವ ಶಬ್ದ ಅವಳಿಗೆ ಗೊತ್ತು. ಮೇಷ್ಟ್ರು ಕಲ್ಲನ್ನು ದಾಟಿ ಬಿದ್ದಿದ್ದರು. ಹಿಂದಿನ ಇಬ್ಬರು ಅವರ ಮೇಲೆ ಉರುಳಿದ್ದರು. ಒಂದು ಸೈಕಲ್ಲಿನ ಹ್ಯಾಂಡಲ್ ತುದಿ ಅವರ ಹೊಟ್ಟೆಗೆ ನಾಟಿತ್ತು. ಅವಳು ಮಂಡಿಯೂರಿ ಎರಡೂ ಅಂಗೈಯಿಂದ ಹೊಟ್ಟೆಯನ್ನು ಒತ್ತಿ ಹಿಡಿದಳು. ಬೆರಳುಗಳ ನಡುವಿಂದ ಬಿಸಿ ರಕ್ತ ಉಕ್ಕುತ್ತಿತ್ತು.

ವ್ಯಾನು ಮುಂದೆ ಹೋಗಿ ನಿಂತಿತು. ಡ್ರೈವರ್ ನೀರಿನ ಬಾಟಲಿ ಹಿಡಿದು ಓಡಿಬಂದ. "ಯಾರಿಗೇನಾಯ್ತಪ್ಪ?" ಎಂದ. ಅಷ್ಟೇ ಎಂದದ್ದು. ವೆಲ್ಡರನ ಮುಷ್ಟಿ ಅವನ ದವಡೆಗೆ ಬಿತ್ತು. ಮತ್ತೆ ಬಿತ್ತು. ಕೆಳಗೆ ಬಿದ್ದವನನ್ನು ಗುಂಪಿನ ನಾಲ್ವರು ಸೈಕಲ್ ಬೂಟಿನಲ್ಲಿ ಒದ್ದರು. ಆ ಬೂಟಿನಡಿ ಪೆಡಲಿಗೆ ಸಿಕ್ಕಿಸುವ ಗಟ್ಟಿ ತುಂಡಿರುತ್ತದೆ. "ಬಿಡ್ರೋ, ಸಾಯ್ತಾನೆ!" ಎಂದು ಅವಳು ಕಿರುಚಿದಳು. ಎದ್ದು ಹೋಗಿ ಬಿಡಿಸಲು ಮೇಷ್ಟ್ರ ಹೊಟ್ಟೆಯಿಂದ ಕೈ ತೆಗೆಯುವಂತಿರಲಿಲ್ಲ.

ಮಧ್ಯಾಹ್ನದೊಳಗೆ ಗುಂಪಿನ ಉಳಿದವರೆಲ್ಲ ಪೊಲೀಸರಿಗೆ ಒಂದೇ ಹೇಳಿಕೆ ಬರೆದುಕೊಟ್ಟರು: ವ್ಯಾನು ಗುದ್ದಿ ಮೇಷ್ಟ್ರನ್ನು ಕೆಡವಿತು. ಸಹಿ ಬಾಕಿ ಇದ್ದದ್ದು ಅವಳದೊಂದೇ.

ಪೆಟ್ಟಾದವರೆಲ್ಲ ಬಂದು ಸೇರಿದ್ದು ಅವಳ ಆಸ್ಪತ್ರೆಗೇ. ಡ್ರೈವರನ ದವಡೆಗೆ ತಂತಿ ಬಿಗಿದಿದ್ದರು, ಬಾಗಿಲಲ್ಲಿ ಪೊಲೀಸಿನವನಿದ್ದ. ಅವಳು ಗಂಜಿಯ ನಳಿಕೆ ಸರಿಮಾಡುವಾಗ ಅವನು ಚೀಟಿಯಲ್ಲಿ ಬರೆದು ತೋರಿಸಿದ: "ನಾನು ಮುಟ್ಟಿಲ್ಲಮ್ಮ." ಮೇಲಿನ ವಾರ್ಡಿನಲ್ಲಿ ಮೇಷ್ಟ್ರಿಗೆ ಎರಡು ಆಪರೇಷನ್ ಆಗಿತ್ತು. ಪ್ರಜ್ಞೆ ಬಂದ ಮೇಲೆ ಅವಳನ್ನು ಮೊದಲು ಕೇಳಿದ್ದು, "ಗುಂಡಿ ಎಷ್ಟು ದೊಡ್ಡದಿತ್ತಮ್ಮ?"

"ದೊಡ್ಡದು, ಸರ್" ಎಂದಳು.

ನಾಲ್ಕು ವಾರಕ್ಕೆ ವೆಲ್ಡರ್ ಬಲಗೈಯ ಪ್ಲಾಸ್ಟರ್ ತೆಗೆಸಲು ಬಂದ. ಕಿರುಬೆರಳಿನ ಕೆಳಗಿನ ಎಲುಬು. ಗೋಡೆಗೋ ಮನುಷ್ಯರಿಗೋ ಗುದ್ದಿದವರಿಗೆ ಮುರಿಯುವಂಥದ್ದು. ಅದನ್ನು ಯಾರೂ ಅವಳಿಗೆ ವಿವರಿಸಬೇಕಾಗಿರಲಿಲ್ಲ.

ಗರಗಸ ಗುಂಯ್ ಎಂದಿತು.

"ಚರ್ಮ ಕೊಯ್ಯಲ್ಲ. ಅಲ್ಲಾಡ್ಬೇಡ."

"ದಿನಾ ಬೆಂಕಿ ಜೊತೆ ಇರೋನು ನಾನು. ಇದಕ್ಕೆ ಹೆದರ್ತೀನಾ?"

"ಬೆವರ್ತಿದ್ದೀಯಲ್ಲ."

"ನೀನು ಇಷ್ಟು ಹತ್ರ ಇದ್ದೀಯಲ್ಲ."

ಅವಳು ತಲೆಯೆತ್ತಿದಳು. ಅವನ ಮುಖ ಒಂದು ಗೇಣಿನಲ್ಲಿತ್ತು. ಹುಬ್ಬಿನ ಕೆಳಗೆ ಅಕ್ಕಿಕಾಳಿನಷ್ಟು ಸುಟ್ಟ ಕಲೆ, ರೆಪ್ಪೆಗಳು ಹೆಣ್ಣುಮಕ್ಕಳಂತೆ ಉದ್ದ. ಚೆನ್ನಾಗಿತ್ತು. ಚೆನ್ನಾಗಿದೆಯೆಂದೇ ಅವಳಿಗೆ ಮೈ ಉರಿಯಿತು. ಗರಗಸ ಆರಿಸಿದಳು.

"ಆ ದಿನ ಯಾವ ಗುಂಡಿ ತೋರ್ಸಿದೆ?"

ಅವನು ಕೈ ಹಿಂದಕ್ಕೆಳೆದ. ಅವಳು ಬಿಡಲಿಲ್ಲ.

"ವ್ಯಾನಿಗೆ ಹೊಡೆಯೋಕೆ ಹೋದೆ" ಎಂದ ಕೊನೆಗೆ.

"ಗೊತ್ತು."

"ಗೊತ್ತಿದ್ದೂ ನೀನ್ಯಾಕೆ ಕೈ ತೋರ್ಸಿದೆ?"

"ನಿನ್ನ ಕೈ ಇಳೀತು, ನನ್ನದೂ ಇಳೀತು. ಒಂದು ವರ್ಷ ಅದನ್ನ ನಂಬಿ ಬಂದವಳು ನಾನು. ನಡುವೆ ಬುದ್ಧಿ ಎಲ್ಲಿಂದ ಬರ್ಬೇಕು?"

ಅವಳು ಸೀಳಿದ ಪ್ಲಾಸ್ಟರನ್ನು ಬಿಡಿಸಿ ತೆಗೆದಳು.

"ಸೋಮವಾರ ಚಾರ್ಜ್‌ಶೀಟ್ ಹಾಕ್ತಾರೆ. ನನ್ನ ಸಹಿ ಕೇಳಿದ್ದಾರೆ. ಆ ಡ್ರೈವರ್ ಜೈಲಿಗೆ ಹೋಗ್ತಾನೆ."

"ನಿಜ ಹೇಳಿದ್ರೆ ನಾನು ಹೋಗ್ತೀನಿ."

"ಹೋಗು."

"ನಿಂಗೆ ನಾನಂದ್ರೆ ಇಷ್ಟ ಅಂದ್ಕೊಂಡಿದ್ದೆ."

"ಇಷ್ಟಾನೇ. ಅದೇ ನನ್ನ ಕರ್ಮ. ಇಷ್ಟ ಇಲ್ದಿದ್ರೆ ನಿನ್ನ ಕೇಳ್ತಾನೇ ಇರ್ಲಿಲ್ಲ, ನೆಟ್ಟಗೆ ಸ್ಟೇಷನ್ನಿಗೆ ಹೋಗ್ತಿದ್ದೆ."

ಒಂದು ವರ್ಷ ಇಬ್ಬರೂ ಕಾದ ಮಾತು ಹೀಗೆ ಬಂತು, ಬೈಗುಳದ ಥರ. ಅವನು ಸುಣ್ಣದ ಪುಡಿ ಮೆತ್ತಿದ ಕೈಯನ್ನು ನೋಡಿಕೊಂಡ. "ನನ್ನ ಕೈ ಅಂತ ಬರಿ. ನಿಂದು ಬೇಡ" ಎಂದ.

"ಎರಡೂ ಬರೀತೀನಿ. ಒದ್ದವರ ಹೆಸರೂ ಬರೀತೀನಿ. ಮೊದಲು ಮೇಲಕ್ಕೆ ನಡಿ."

ಮೇಷ್ಟ್ರು ದಿಂಬಿಗೊರಗಿ ಕೂತಿದ್ದರು. ವೆಲ್ಡರ್ ನಿಂತುಕೊಂಡೇ ಹೇಳಿದ, ಎಲ್ಲೂ ತೊದಲಲಿಲ್ಲ. ನಂತರ ಅವಳು ತನ್ನ ಪಾಲಿನದನ್ನು ಹೇಳಿದಳು.

"ಹಾಗಾದ್ರೆ ಗುಂಡಿನೇ ಇರ್ಲಿಲ್ಲ" ಎಂದರು ಮೇಷ್ಟ್ರು.

ಪಕ್ಕದಲ್ಲಿದ್ದ ಸ್ಟೀಲ್ ಲೋಟ ತೆಗೆದು ಬೀಸಿ ಎಸೆದರು. ಅವನು ತಪ್ಪಿಸಿಕೊಳ್ಳಲಿಲ್ಲ. ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಅವಳು ಬಟ್ಟೆ ಮಡಿಸಿ ಅವನ ಹಣೆಗೆ ಒತ್ತಿದಳು.

"ನಿಂಗೂ ಎಸೀಬೇಕಿತ್ತು" ಎಂದರು ಮೇಷ್ಟ್ರು ಏದುಸಿರು ಬಿಡುತ್ತ. "ಇದ್ದದ್ದು ಒಂದೇ ಲೋಟ." ಗೋಡೆಯ ಕಡೆ ಮುಖ ತಿರುಗಿಸಿದರು.

ಹಣೆಗೆ ನಾಲ್ಕು ಹೊಲಿಗೆ ಅವಳೇ ಹಾಕಿಸಿದಳು. ಸ್ಟೇಷನ್ನಿಗೆ ನಡೆದುಕೊಂಡೇ ಹೋದರು. ಪ್ಲಾಸ್ಟರಿನೊಳಗೆ ಬಡಕಲಾಗಿ, ಸಿಪ್ಪೆಯೇಳುತ್ತಿದ್ದ ಅವನ ಕೈ ದಾರಿಯುದ್ದಕ್ಕೂ ಅವಳ ಕೈಯಲ್ಲಿತ್ತು.

"ಒಳಗೆ ಹಾಕಿದ್ರೆ ನೋಡೋಕೆ ಬರ್ತೀಯಾ?" ಬಾಗಿಲಲ್ಲಿ ನಿಂತು ಕೇಳಿದ.

"ಭಾನುವಾರ ಇನ್ನು ಖಾಲಿನೇ ಅಲ್ವಾ?" ಎಂದಳು. ಜನ ನೋಡುತ್ತಿದ್ದಾರೆಂದು ಲೆಕ್ಕಿಸದೆ ಅವನ ಬೆರಳ ಗಂಟುಗಳಿಗೆ ಮುತ್ತಿಟ್ಟಳು.

ಡ್ರೈವರನನ್ನು ಬಿಟ್ಟರು. ಒದ್ದ ನಾಲ್ವರಿಗೆ ದಂಡ ಬಿತ್ತು, ವೆಲ್ಡರನಿಗೆ ಕೋರ್ಟು ಹತ್ತು ತಿಂಗಳು ಹಾಕಿತು. ಒಟ್ಟು ಹೋದದ್ದು ಇಷ್ಟು: ಡ್ರೈವರನ ಹಲ್ಲು ಐದು, ಮೇಷ್ಟ್ರ ಹೊಟ್ಟೆಯೊಳಗಿನ ಗುಲ್ಮ, ಜೊತೆಗೆ ಮಡಚಲು ಬಾರದ ಎಡಮಂಡಿ ಒಂದು, ಅವಳೊಂದಿಗೆ ಮಾತು ಬಿಟ್ಟ ಗೆಳೆಯರು ಎಂಟು, ಅವನಿಗೂ ಅವಳಿಗೂ ಸೇರಿ, ಜೈಲಿನ ಇಪ್ಪತ್ತಿಪ್ಪತ್ತು ನಿಮಿಷದ ಭೇಟಿ ಬಿಟ್ಟರೆ, ಭಾನುವಾರ ನಲವತ್ತಮೂರು.