ಬರೆಯದೆ ಉಳಿದ ಬಾಂಡು

"ನಾಯಿ ಕಟ್ಟಿ ಮ್ಯಾಲ ಮಲಗಿದ್ರ ಮನಿ ನಾಯೀದು ಆಕ್ಕೈತೇನಲೇ?"

ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ, ಅಷ್ಟು ಜನರ ನಡುವೆ, ಮುರಗೇಶ ಈ ಮಾತು ಕೇಳಿದಾಗ ಮೈಲಾರಿಯ ಕೈಯಲ್ಲಿ ಬಿಸಿ ಚಹಾದ ಗ್ಲಾಸಿತ್ತು. ಕರಿ ಕೋಟಿನ ವಕೀಲರಿದ್ದರು, ಅವರ ಗುಮಾಸ್ತರಿದ್ದರು, ಸಾಕ್ಷಿ ಹೇಳಲು ಬಂದು ಮುಂಜಾನೆಯಿಂದ ಬಿಸಿಲಿಗೆ ಒಣಗುತ್ತಿದ್ದ ಹಳ್ಳಿಯವರಿದ್ದರು. ಎಲ್ಲರೂ ನಕ್ಕರು. ನಗಲು ನಾಚಿಕೆಯಾದವರು ಗ್ಲಾಸಿನೊಳಗೆ ಮುಖ ಹಾಕಿದರು.

"ನಮ್ಮಪ್ಪ ಪಾಪ ಅಂತ ನಿಮ್ಮಪ್ಪಗ ಕುಂದರಾಕ ಒಂದು ಖೋಲಿ ಕೊಟ್ಟಾ. ಈಗ ಈ ಎಂಟನೇ ಇಯತ್ತೆ ಫೇಲು ನನಗ ಕಾಯ್ದೆ ಹೇಳ್ತಾನ! ಕಾಗದ ಇದ್ರ ತೋರಸು. ಇಲ್ಲಾ, ಟೈಪ್‌ರೈಟರ್ ತಲೀಮ್ಯಾಲ ಹೊತ್ಕೊಂಡು ನಡಿ."

"ಫೇಲಲ್ರಿ ಶಾವಕಾರ್ರ," ಎಂದ ಮೈಲಾರಿ. "ಬಿಟ್ಟಾಂವ. ಫೇಲಾಗಾಕ ಪರೀಕ್ಷಾ ಬರೀಬೇಕಾಕ್ಕೈತಿ."

ಇದಕ್ಕೂ ನಕ್ಕರು. ಆದರೆ ಆ ನಗೆ ಬೇಗ ಆರಿಹೋಯಿತು. ನಾಯಿಯ ಮಾತು ಮಾತ್ರ ಆರಲಿಲ್ಲ. ಸಂಜೆಯೊಳಗೆ ಅದು ಖೋಲಿಯಿದ್ದ ಕಂಬಾರ ಓಣಿಯ ತನಕ ಬಂದು ಮುಟ್ಟಿತ್ತು. ತರಕಾರಿ ಮಾರುವವಳೂ ಅವನನ್ನು ನೋಡಿ ತುಟಿ ಕಚ್ಚಿಕೊಂಡಳು.

ಆ ಖೋಲಿ ಎಂಟು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ. ಶಾವಕಾರರ ಮನೆಯ ಮುಂಭಾಗದಲ್ಲಿ ರಸ್ತೆಗೆ ಬಾಗಿಲು ತೆರೆದುಕೊಂಡು ನಿಂತ ಒಂದು ಮೂಲೆ, ಅಷ್ಟೇ. ಅಲ್ಲಿ ಮೈಲಾರಿಯ ಅಪ್ಪ ಫಕ್ಕೀರಪ್ಪ ಇಪ್ಪತ್ತೆಂಟು ವರ್ಷ ಕೂತು ಜನರ ಅರ್ಜಿ, ಬಾಂಡು, ಕರಾರು ಪತ್ರಗಳನ್ನು ಟೈಪ್ ಮಾಡಿದ್ದ. ಮುರಗೇಶನ ಅಪ್ಪ ಚನ್ನವೀರಪ್ಪ ಶಾವಕಾರರಿಗೂ ಅವರ ತಮ್ಮನಿಗೂ ಮನೆಯ ಸಲುವಾಗಿ ದಾವೆ ಬಿದ್ದಾಗ, ತಮ್ಮನ ಕಡೆಯವರು ಎಷ್ಟು ಆಸೆ ತೋರಿಸಿದರೂ ಬಾಗದೆ, ಕಟಕಟೆಯಲ್ಲಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದವನು ಫಕ್ಕೀರಪ್ಪ. ಅವನ ಒಂದು ಸಾಕ್ಷಿಯ ಮೇಲೆ ಇಡೀ ಮನೆ ಉಳಿಯಿತು. ಆವತ್ತು ಶಾವಕಾರರು ಹೇಳಿದ್ದರು: ಈ ಖೋಲಿ ನಿನಗೆ, ನಿನ್ನ ಮಗನಿಗೆ. ಹೇಳಿ ಸುಮ್ಮನಾಗಲಿಲ್ಲ, ತಮ್ಮ ಹೆಸರಲ್ಲೇ ಒಂದು ಬಾಂಡು, ಖಾಲಿ ಛಾಪಾ ಕಾಗದ, ತಂದು ಕೊಟ್ಟರು. ಬರಕೋ, ನಾ ಸಹಿ ಹಾಕತೀನಿ ಅಂದರು. ಫಕ್ಕೀರಪ್ಪ ಊರಿನವರ ಕಾಗದವನ್ನೆಲ್ಲ ಬರೆದ, ತನ್ನದನ್ನು ಬರೆಯಲಿಲ್ಲ. ದೊಡ್ಡವರ ಮಾತಿಗೆ ಕಾಗದ ಹಿಡಿದರೆ ಏನು ತಿಳಿದಾರು ಎಂದು ನಾಚಿದ. ನಾಚಿಕೊಂಡೇ ಸತ್ತ. ಆಮೇಲೆ ಶಾವಕಾರರೂ ಹೋದರು. ಉಳಿದದ್ದು ಖಾಲಿ ಬಾಂಡು, ಮತ್ತು ಎಂಟನೆಯ ಇಯತ್ತೆಯ ನಡುವೆ ಸಾಲಿ ಬಿಟ್ಟು ಅಪ್ಪನ ಕುರ್ಚಿಯಲ್ಲಿ ಕೂತ ಮಗ.

ಈಗ ಮುರಗೇಶನಿಗೆ ಮುಂದಿನ ಭಾಗ ಕೆಡವಿ ಮಳಿಗೆ ಕಟ್ಟಿಸಬೇಕಿತ್ತು. ಅತಿಕ್ರಮ ಪ್ರವೇಶ ಎಂದು ಪೊಲೀಸರಿಗೆ ಫಿರ್ಯಾದಿ ಕೊಟ್ಟಿದ್ದ. ಆ ಫಿರ್ಯಾದಿಯ ಕರಡು ಟೈಪಿಗೆ ಬಂದದ್ದು ಯಾರ ಮೇಜಿಗೆ? ವಕೀಲರ ಗುಮಾಸ್ತ ಹೆಸರು ನೋಡದೆ ತಂದು ಕೊಟ್ಟಿದ್ದ. ಮೈಲಾರಿ ತನ್ನ ಮೇಲಿನ ಆಪಾದನೆಯನ್ನು ತಾನೇ, ಒಂದು ತಪ್ಪಿಲ್ಲದೆ, ಮೂರು ಪ್ರತಿ ಟೈಪ್ ಮಾಡಿ ಕೊಟ್ಟ. 'ಸದರಿ ಆರೋಪಿಯು ಯಾವುದೇ ಹಕ್ಕಿಲ್ಲದೆ' ಎಂಬಲ್ಲಿ ಬೆರಳು ಸ್ವಲ್ಪ ಜೋರಾಗಿ ಬಿದ್ದು ಕಾಗದ ತೂತಾಯಿತು. ಅದೊಂದು ಹಾಳೆಯನ್ನು ಬದಲಿಸಿದ.

ದಂಡ ಸಂಹಿತೆಯ ಕಲಮುಗಳು ಅವನಿಗೆ ಬಾಯಿಪಾಠ. 447, ಅತಿಕ್ರಮ ಪ್ರವೇಶಕ್ಕೆ ಮೂರು ತಿಂಗಳು. 448, ಮನೆಯೊಳಗೇ ನುಗ್ಗಿದರೆ ಒಂದು ವರ್ಷ. 467, ಆಸ್ತಿಯ ಖೊಟ್ಟಿ ಪತ್ರ ಸೃಷ್ಟಿಸಿದರೆ ಹತ್ತು ವರ್ಷ, ನ್ಯಾಯಾಧೀಶರ ಮನಸ್ಸು ಕೆಟ್ಟರೆ ಜೀವಾವಧಿ. 471, ಖೊಟ್ಟಿ ಎಂದು ಗೊತ್ತಿದ್ದೂ ಅದನ್ನು ಖರೆ ಎಂದು ಮುಂದಿಟ್ಟರೆ ಅಷ್ಟೇ ಶಿಕ್ಷೆ. ತಾನು ಕೂತ ಜಾಗದಲ್ಲಿ ತಾನು ಕೂತದ್ದಕ್ಕೆ ಮೂರು ತಿಂಗಳು ಅಂತಾದರೆ, ಉಳಿದದ್ದನ್ನೂ ಮಾಡಿಯೇ ನೋಡೋಣ ಎಂದುಕೊಂಡ. ಕಳ್ಳ ಎಂದು ಕರೆದ ಮೇಲೆ ಕದಿಯದೆ ಇರುವುದು ನಷ್ಟದ ಬಾಬತ್ತು.

ಖೊಟ್ಟಿ ಕಾಗದ ಮಾಡಿ ಸಿಕ್ಕಿಬಿದ್ದವರನ್ನು ಅವನು ಹದಿನೈದು ವರ್ಷ ನೋಡಿದ್ದ. ಹೊಸ ಕಾಗದವನ್ನು ಚಹಾದಲ್ಲಿ ಅದ್ದಿ ಹಳೆಯದು ಮಾಡಲು ಹೋದವರು, ಸತ್ತವನ ಕೈಲಿ ಸತ್ತ ಮರುವರ್ಷ ಸಹಿ ಹಾಕಿಸಿದವರು, ರವಿವಾರದ ತಾರೀಖಿಗೆ ಬಾಂಡು ಕೊಂಡವರು. ಹುಂಬರು. ಅವನ ಬಾಂಡಿಗೆ ಇಂಥ ಯಾವ ರೋಗವೂ ಇರಲಿಲ್ಲ. ಕಾಗದ ಖರೆ, 2001ರದ್ದು. ಛಾಪಾ ಖರೆ. ಬೆನ್ನ ಮೇಲೆ ಬರೆದ ಕೊಂಡವರ ಹೆಸರು ಶಾವಕಾರರದೇ. ಬಾಂಡು ಮಾರಿದ ದಾವಲಸಾಬ ಇನ್ನೂ ಗಟ್ಟಿಮುಟ್ಟಾಗಿ ಕೋರ್ಟಿನ ಬೇವಿನ ಮರದ ಕೆಳಗೆ ಕೂತಿದ್ದ, ಅವನ ರಿಜಿಸ್ಟರಿನಲ್ಲಿ ಶಾವಕಾರರ ಸಹಿಯೂ ಇತ್ತು. ಟೈಪ್‌ರೈಟರು ಅಪ್ಪನದೇ, ಅದರ 'ರ' ಅಕ್ಷರ ಆವತ್ತೂ ಸೊಟ್ಟ, ಈವತ್ತೂ ಸೊಟ್ಟ. ಬರೆದವನು ಅಪ್ಪ, ಸಾಕ್ಷಿ ಗಡಿಯಾರದಂಗಡಿಯ ಹುಸೇನಸಾಬ. ಇಬ್ಬರನ್ನೂ ಪಾಟೀಸವಾಲಿಗೆ ಕರೆಯಬೇಕಾದರೆ ಮಣ್ಣು ಅಗೆಯಬೇಕು.

ಸುಳ್ಳು ಇದ್ದದ್ದು ಸಹಿಗಳು ಮಾತ್ರ, ಅದರಲ್ಲೂ ಕಷ್ಟದ್ದು ಶಾವಕಾರರದು. ಅಪ್ಪನ ಕಡತದಲ್ಲಿ ಶಾವಕಾರರ ಸಹಿಯಿದ್ದ ಹಳೆಯ ಅರ್ಜಿಗಳ ಪ್ರತಿಗಳಿದ್ದವು. ಅವರಿಗೆ ಲಕ್ವಾ ಹೊಡೆಯುವ ಮುಂಚಿನದನ್ನೇ ಆರಿಸಿಕೊಂಡ, ಆಮೇಲಿನ ಸಹಿ ನಡುಗುತ್ತಿತ್ತು. ಹನ್ನೆರಡು ದಿನ ದಿನಪತ್ರಿಕೆಯ ಅಂಚಿನ ಮೇಲೆ ತಿದ್ದಿದ, ತಿದ್ದಿದ್ದನ್ನು ಒಲೆಗೆ ಹಾಕಿದ. ಹದಿಮೂರನೆಯ ದಿನ ನೋಡುವುದನ್ನು ಬಿಟ್ಟು ಬರೆದ. ಅಪ್ಪನ ಒಣಗಿದ ದೌತಿಗೆ ನಾಲ್ಕು ಹನಿ ನೀರು ಬಿಟ್ಟರೆ ಬೇಕಾದ ಮಸುಕು ಮಸಿ ತಾನಾಗಿ ಬಂತು. ಸಹಿ ಬಿದ್ದ ಮೇಲೆ ಅವನಿಗೆ ಹೆದರಿಕೆ ಆಗಲಿಲ್ಲ. ಹದಿನೈದು ವರ್ಷ ತಡವಾಗಿ ಒಂದು ಕೆಲಸ ಮುಗಿದ ಹಾಗಾಯಿತು. ಇದು ಖೊಟ್ಟಿಯಲ್ಲ, ಬಾಕಿ ಎಂದು ತನಗೆ ತಾನೇ ಹೇಳಿಕೊಂಡ.

ಇನ್ನು ಈ ಕಾಗದ ತನ್ನ ಕೈಯಿಂದ ಹೊರಗೆ ಬರಬಾರದು. ಬಡವನ ಕೈಯಿಂದ ಬಂದ ಕಾಗದವನ್ನು ಜನ ಬೆಳಕಿಗೆ ಹಿಡಿದು ನೋಡುತ್ತಾರೆ. ಶಾವಕಾರರ ಟ್ರಂಕಿನಿಂದ ಬಂದದ್ದಕ್ಕೆ ಕೈ ಮುಗಿಯುತ್ತಾರೆ. ಅದು ಅವರ ಮನೆಯೊಳಗಿಂದ, ಅವರ ಕೈಯಿಂದಲೇ ಬರಬೇಕು.

ಎಳ್ಳ ಅಮಾವಾಸ್ಯೆಯ ದಿನ ಮುಂಜಾನೆ ಶಾವಕಾರರ ಮನೆಯವರೆಲ್ಲ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಪುಂಡಿಪಲ್ಯದ ಬುಟ್ಟಿ ಕಟ್ಟಿಕೊಂಡು ಭೂತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋದರು. ಕಣ್ಣು ಮಂದವಾದ ಮುದುಕಿಯನ್ನೂ, ಅಂದರೆ ಚನ್ನವೀರಪ್ಪನವರ ಹೆಂಡತಿ ನೀಲಮ್ಮನವರನ್ನೂ, ಕಾರಿನ ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಹೋದರು. ಓಣಿಗೆ ಓಣಿಯೇ ಹೊಲದಲ್ಲಿತ್ತು. ಮೈಲಾರಿ ಖೋಲಿಯಲ್ಲಿ ಕೂತು ಒಂದು ಅರ್ಜಿಯನ್ನು ಅರ್ಧ ಟೈಪ್ ಮಾಡಿದ. ಹನ್ನೊಂದಕ್ಕೆ ಎದ್ದ.

ಖೋಲಿಗೂ ಮನೆಯ ಪಡಸಾಲೆಗೂ ನಡುವೆ ಒಂದು ಹಳೆಯ ಬಾಗಿಲಿತ್ತು. ಈ ಕಡೆಯ ಅಗಳಿ ಅವನದು, ಆ ಕಡೆಯ ಚಿಲಕ ಅವರದು. ಸಂದಿನಲ್ಲಿ ಕಬ್ಬಿಣದ ಫೂಟ್‌ಪಟ್ಟಿ ತೂರಿಸಿ ಚಿಲಕ ಎತ್ತಿದ. ಹೊಸ್ತಿಲು ದಾಟುವಾಗ ಬಾಯಲ್ಲಿ ಮೆಲ್ಲಗೆ ಅಂದ: "ನಾನೂರಾ ನಲವತ್ತೆಂಟು." ನಗು ಬಂತು. ಈವತ್ತಿನ ತನಕ ಇದ್ದದ್ದು ಸುಳ್ಳು ಆಪಾದನೆ. ಈಗ ಅದನ್ನು ಖರೆ ಮಾಡಿ ಮುರಗೇಶನ ಮಾನ ಉಳಿಸಿದಂತಾಯಿತು.

ಟ್ರಂಕು ಮುದುಕಿಯ ಮಂಚದ ಕೆಳಗೆ, ಕೀಲಿ ದೇವರ ಜಗಲಿಯ ಗೂಡಿನಲ್ಲಿ. ಅಪ್ಪನ ಜೊತೆ ಕಾಗದ ಹಿಡಿದು ಬರುತ್ತಿದ್ದ ದಿನಗಳಿಂದ ಅವನಿಗೆ ಅದು ಗೊತ್ತು. ಕೆಂಪು ಅರಿವೆಯ ಗಂಟನ್ನು ಬಿಚ್ಚುವ ಮುಂಚೆ ಗಂಟು ಯಾವ ಕಡೆ ಬಿದ್ದಿದೆ ಎಂದು ನೋಡಿಟ್ಟುಕೊಂಡ. ಮಡಚಿದ ಕಾಗದಗಳ ನಡುವೆ, ದಾವೆಯ ತೀರ್ಪಿನ ಕೆಳಗೆ, ತನ್ನ ಕಾಗದವನ್ನು ಅದೇ ನಾಲ್ಕು ಮಡಿಕೆಯಲ್ಲಿ ಸೇರಿಸಿದ. ಉಳಿದ ಯಾವುದನ್ನೂ ಬಿಡಿಸಿ ನೋಡಲಿಲ್ಲ. ಕುತೂಹಲ ಕಳ್ಳರಿಗೆ, ತನಗಲ್ಲ. ಗಂಟು ಮೊದಲಿನ ಹಾಗೆ ಕಟ್ಟಿ, ಕೀಲಿಯನ್ನು ಗೂಡಿಗೂ ಚಿಲಕವನ್ನು ಅದರ ಜಾಗಕ್ಕೂ ಸೇರಿಸಿದ. ಕಾಲು ಗಂಟೆಯೊಳಗೆ ಮರಳಿ ಬಂದು ಅರ್ಜಿಯ ಉಳಿದರ್ಧ ಟೈಪ್ ಮಾಡಿದ.

ಪೊಲೀಸರು, ಮೊದಲು ಓಣಿಯ ಹಿರಿಯರ ಮುಂದೆ ಬಗೆಹರಿಸಿಕೊಳ್ಳಿರಿ, ಆಗದಿದ್ದರೆ ನಾವಿದ್ದೇವೆ ಎಂದಿದ್ದರು. ಸಂಕ್ರಾಂತಿ ಮುಗಿದ ಮೇಲೆ ಒಂದು ಮುಂಜಾನೆ ಶಾವಕಾರರ ಪಡಸಾಲೆಯಲ್ಲಿ ಹಿರಿಯರು ಕೂಡಿದರು. ನಿವೃತ್ತ ಹೆಡ್‌ಮಾಸ್ತರರಾದ ಕಲ್ಮಠ ಮಾಸ್ತರರು ನಡುವೆ, ದಾವಲಸಾಬ ಕಂಬಕ್ಕೆ ಒರಗಿ. ಮೂಲೆಯಲ್ಲಿ ಚಾಪೆಯ ಮೇಲೆ ನೀಲಮ್ಮನವರು.

"ಕಾಗದ ಐತೇನಪಾ ನಿನ್ನ ಹತ್ರ?" ಎಂದರು ಮಾಸ್ತರು.

"ಇಲ್ರಿ."

"ನೋಡ್ರಿ, ತಾನಽ ಒಪ್ಪಿಕೊಂಡ!" ಮುರಗೇಶ ತೊಡೆ ತಟ್ಟಿದ.

"ನನ್ನ ಹತ್ರ ಇಲ್ಲ ಅಂದೆ. ಹಿರಿ ಶಾವಕಾರ್ರು ಬಾಂಡು ತಂದಿದ್ದು ಖರೆ, ದಾವಲಸಾಬರನ್ನ ಕೇಳ್ರಿ. ಬರೆಸಿದ್ರೋ ಇಲ್ಲೋ ನನಗ ಗೊತ್ತಿಲ್ಲ. ಬರೆಸಿದ್ರ ನಿಮ್ಮ ಟ್ರಂಕಿನ್ಯಾಗ ಇರಬೇಕು. ಆದರ ಆ ಟ್ರಂಕು ತೆಗಿಯೂ ಧೈರ್ಯ ನಿಮಗ ಎಲ್ಲಿಂದ ಬರಬೇಕ್ರಿ."

ಇಷ್ಟೇ ಸಾಕು ಎಂದು ಅವನಿಗೆ ಗೊತ್ತಿತ್ತು. ಮುರಗೇಶನ ಸೊಕ್ಕಿಗೆ ಕಡ್ಡಿ ಗೀರಿದರೆ ಸಾಕು, ಅದು ತನ್ನ ಮನೆಯನ್ನೇ ಸುಡುತ್ತದೆ.

"ಧೈರ್ಯ? ನನಗ? ಲೇ, ಹತ್ತು ಮಂದಿ ಮುಂದ ತೆಗೀತೀನಿ. ಸಿಗಲಿಲ್ಲಂದ್ರ ಈವತ್ತಽ ಸಾಮಾನು ಹೊರಗ ಒಗೀತೀನಿ, ಆತಿಲ್ಲೋ?"

ಟ್ರಂಕನ್ನು ತಾನೇ ಎಳೆದುಕೊಂಡು ಬಂದ. ಗಂಟು ಬಿಚ್ಚಿದ. ತಾನೇ ಒಂದೊಂದು ಕಾಗದವನ್ನು ಮಾಸ್ತರರ ಕೈಗೆ ಕೊಟ್ಟ. ತೀರ್ಪಿನ ಕೆಳಗಿನದನ್ನು ಬಿಡಿಸಿ ಮಾಸ್ತರು ಕನ್ನಡಕ ಏರಿಸಿಕೊಂಡರು, ಗಟ್ಟಿಯಾಗಿ ಓದಲು ಶುರುಮಾಡಿದರು. 'ಸದರಿ ಖೋಲಿಯನ್ನು ಫಕ್ಕೀರಪ್ಪನಿಗೂ ಅವನ ನಂತರ ಅವನ ಮಗನಿಗೂ' ಎಂಬಲ್ಲಿಗೆ ಬಂದಾಗ ಮುರಗೇಶನ ಮುಖ ಬೂದಿಯಾಗಿತ್ತು.

"ಇದು... ಇದು ಎಲ್ಲಿಂದ ಬಂತಿದು?"

"ನಿಮ್ಮ ಕೈಯಾಗಿಂದಽ ಬಂತಲ್ರೀಪಾ," ಎಂದ ದಾವಲಸಾಬ. "ಈ ಬಾಂಡು ಮಾರಿದಾಂವ ನಾನಽ. ಸಹೀನೂ ಅವರದಽ ಐತಿ."

ಗೆದ್ದವನು ಮಾತಾಡಬಾರದು. ಚಹಾದಂಗಡಿಯ ಅಷ್ಟೂ ನಗೆಗಳು ಒಂದೊಂದಾಗಿ ಮರಳಿ ಬಂದು ತನ್ನ ಕಾಲ ಬಳಿ ಕೂತ ಹಾಗೆ ಮೈಲಾರಿಗೆ ಅನ್ನಿಸಿತು. ಅಷ್ಟರಲ್ಲಿ ಮೂಲೆಯಿಂದ ನೀಲಮ್ಮನವರ ಧ್ವನಿ ಬಂತು.

"ಅವರು ಹೇಳಿದ್ದು ಖರೆ ಐತಪಾ. ನಾ ಒಳಗ ಹಾಲು ಕಾಸ್ಕೋತ ಕೇಳೇನಿ. 'ಖೋಲಿ ನಿನ್ನ ಮಗಂದೂ ಹೌದು ಫಕ್ಕೀರಪ್ಪಾ' ಅಂದಿದ್ರು. ಕೋರ್ಟಿಗೆ ಬಂದೂ ಹೇಳತಿದ್ದೆ. ಯಾರೂ ನನ್ನ ಕೇಳಲಽ ಇಲ್ಲ. ಎಲ್ಲಿ, ತಾ ಇತ್ತ, ಅವರ ಕಾಗದ ನೋಡೋಣು."

ಓದಲು ಬಾರದ ಮುದುಕಿ ಕಾಗದವನ್ನು ತೊಡೆಯ ಮೇಲೆ ಹಾಸಿಕೊಂಡು, ಮೇಲಿನ ಮೂರು ಸಿಂಹದ ಮುದ್ರೆಯನ್ನು ಹೆಬ್ಬೆರಳಿನಿಂದ ಸವರಿದರು. ಕಣ್ಣಿನ ಹತ್ತಿರ ಹಿಡಿದು ಮತ್ತೆ ಸವರಿದರು. ಆಮೇಲೆ, "ಉಳಿದವನ್ನ ಬಿಡಸ್ರಿ ಮಾಸ್ತರ," ಅಂದರು. ಮಾಸ್ತರು ಒಂದೊಂದಾಗಿ ಬಿಡಿಸಿ ನೆಲಕ್ಕೆ ಹಾಸಿದರು. ಒಂದೊಂದರ ಸಿಂಹದ ಹಣೆಯ ಮೇಲೂ ಹಳದಿ ಕಲೆ, ವರ್ಷದ ಮೇಲೆ ವರ್ಷ ಬಿದ್ದು ಕಂದಿ ದಪ್ಪಗಟ್ಟಿದ ಅರಿಷಿಣದ ಬೆರಳು. "ದೀಪಾವಳಿ ಅಮಾಸಿಗೆ ಗಂಟು ಬಿಚ್ಚಿ ಎಲ್ಲಾ ಕಾಗದಕ್ಕ ಪೂಜಾ ಮಾಡ್ತೀವಿ. ಅವರಿದ್ದಾಗ ನಾ ಹಚ್ಚತಿದ್ದೆ, ಈಗ ಮುಂದ ಕುಂತು ಸೊಸಿ ಕೈಲೆ ಹಚ್ಚಸ್ತೀನಿ, ಒಂದೂ ಬಿಡೂದಿಲ್ಲ. ಇದರ ಹಣಿ ಖಾಲಿ ಐತಲ್ಲೋ ಮೈಲಾರಿ. ಹದಿನೈದು ದೀಪಾವಳಿ ಇದು ಎಲ್ಲಿತ್ತು?" ಪ್ರತಿ ದೀಪಾವಳಿಯ ಮುಂಜಾನೆ, ತಾನು ಉಣ್ಣುವ ಮುಂಚೆ, ಅಪ್ಪನ ಟೈಪ್‌ರೈಟರಿಗೆ ತನ್ನ ಕೈಯಾರೆ ಅರಿಷಿಣ ಹಚ್ಚುತ್ತಿದ್ದ ಮೈಲಾರಿ ಎದ್ದು ನಿಂತ. ಮುರಗೇಶ ಆಗಲೇ ಫೋನು ತೆಗೆದು ಠಾಣೆಗೆ ಹಚ್ಚುತ್ತಿದ್ದ. ಮೈಲಾರಿ ಯಾರ ಕಡೆಯೂ ಕಣ್ಣು ತಗ್ಗಿಸಲಿಲ್ಲ. ಹೊಸ್ತಿಲ ಬಳಿ ಚಪ್ಪಲಿ ಮೆಟ್ಟಿಕೊಂಡ, ಅಂಗಿಯ ತೋಳು ಸರಿಮಾಡಿಕೊಂಡ, ನಡು ಓಣಿಯಲ್ಲಿ ತಲೆಯೆತ್ತಿ ನಡೆದು ಹೋದ.